ಮಮತಾ ಬಿಟ್ಟುಕೊಟ್ಟ ಎತ್ತರ

ಹೊಟ್ಟೆಕಿಚ್ಚು ಪಡಬೇಕೆಂದರೂ ಅದಕ್ಕೆ ತಕ್ಕವರೊಬ್ಬರು ಕಣ್ಣೆದುರಿಗೆ ಇರಬೇಕು. ಚನ್ನಗಿರಿಯಲ್ಲಿ ಬಹುಕಾಲ ಅಂಥವರು ಯಾರೂ ಇರಲಿಲ್ಲ. ಪಕ್ಕದ ಮನೆಯವರ ಹೊಸ ಕಾರು, ಎದುರು ಮನೆಯವರಿಗೆ ಸಿಕ್ಕ ಮೆತ್ತಗಿನ ಸೊಸೆ, ಹೀಗೆ ಚಿಲ್ಲರೆಯಾಗಿ ಕರುಬುತ್ತ ನಾವು ದಿನ ದೂಡುತ್ತಿದ್ದೆವು. ಅಂಥ ಬರಗೆಟ್ಟ ಕಾಲದಲ್ಲಿ ಉಬ್ರಾಣಿಯ ಚಿಕ್ಕಹನುಮಂತಪ್ಪನ ಮಗಳು ಮಮತಾ ಎಂಟನೇ ತರಗತಿಗೆಂದು ನಮ್ಮೂರಿನ ಸರ್ಕಾರಿ ಹೈಸ್ಕೂಲಿಗೆ ಬಂದು ಸೇರಿದಳು. ಈಗ ಅವಳು ದಾವಣಗೆರೆಯಲ್ಲಿ ಪಿಯುಸಿ ಓದುತ್ತಿದ್ದಾಳೆ, ಅಲ್ಲಿಯವರು ಕರುಬಿಕೊಳ್ಳಲಿ. ಅವಳು ಇಲ್ಲಿದ್ದ ಹೈಸ್ಕೂಲಿನ ವರ್ಷಗಳಲ್ಲಿ ಮಾತ್ರ ಇಡೀ ತಾಲ್ಲೂಕಿಗೆ ಬೇರೆ ಕೆಲಸಕ್ಕೆ ಪುರಸೊತ್ತಿರಲಿಲ್ಲ.

ಚಿಕ್ಕಹನುಮಂತಪ್ಪ ಉಬ್ರಾಣಿಯ ನೀರುಗಂಟಿ. ಟ್ಯಾಂಕಿನ ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವುದು ಅವನ ಕೆಲಸ. ನೀರು ಬಂದದ್ದು ತಿಳಿಯದೆ ಹೆಂಗಸರು ಕೊಡ ಇಡುವುದು ತಡವಾದರೆ ಬೈಗುಳವೆಲ್ಲ ಅವನ ಪಾಲಿಗೆ. ಅದಕ್ಕೆ ಅವನು ಕಂಡುಕೊಂಡ ಉಪಾಯವೇ ಮಗಳು. ಅಪ್ಪ ವಾಲ್ವಿಗೆ ಕೈ ಹಾಕಿದ ಕೂಡಲೇ ಮಗಳು ಓಟ ಕೀಳಬೇಕು. ಪೈಪಿನೊಳಗಿನ ನೀರು ಬೀದಿಯ ಕೊನೆಯ ನಲ್ಲಿ ಮುಟ್ಟುವ ಮೊದಲೇ ಅಲ್ಲಿ ನಿಂತು ನೀರು ಬಂತೆಂದು ಕೂಗಬೇಕು. ದಾರಿಯಲ್ಲಿ ಚರಂಡಿ, ಕಟ್ಟಿಹಾಕಿದ ಎಮ್ಮೆ, ಸೌದೆಯ ರಾಶಿ ಏನೇ ಅಡ್ಡ ಬರಲಿ, ಸುತ್ತಿ ಹೋಗಲು ಸಮಯವಿಲ್ಲ, ಹಾರಿಯೇ ಹೋಗಬೇಕು. ಒಲಿಂಪಿಕ್ಸ್ ನಡೆಸುವವರಿಗೂ ಹೊಳೆಯದ ಈ ಪಂದ್ಯದಲ್ಲಿ ಮಮತಾಳ ಎದುರಾಳಿ ಸಾಕ್ಷಾತ್ ಗಂಗಾಮಾತೆ. ಚಿಕ್ಕಂದಿನಿಂದ ಗಂಗೆಯನ್ನೇ ಹಿಂದೆ ಹಾಕಿ ಬಂದವಳಿಗೆ ನಮ್ಮೂರಿನ ಹುಡುಗಿಯರು ಯಾವ ಲೆಕ್ಕ?

ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ರಘುನಾಥ ಅವರು ಸಾಧು ಮನುಷ್ಯ. ಅವರ ಕೊರಳಿನ ಸೀಟಿ ಅಲ್ಲಿಯವರೆಗೆ ಹೆಚ್ಚಾಗಿ ಊದಿದ್ದು ಮಕ್ಕಳಿಗೆ ಹಾಲು ಹಂಚುವಾಗ ಸಾಲು ನೆಟ್ಟಗೆ ಮಾಡಲು. ಮಮತಾ ಮೈದಾನದಲ್ಲಿ ಒಂದು ಸುತ್ತು ಓಡಿದ್ದನ್ನು ಕಂಡ ದಿನ ಅವರು ಆ ಸೀಟಿಯನ್ನು ಸೋಪು ಹಾಕಿ ತೊಳೆದರಂತೆ. ಅವಳನ್ನು ಖೋಖೋಗೆ ಹಾಕಿದರು, ಕಬಡ್ಡಿಗೆ ಹಾಕಿದರು, ಥ್ರೋಬಾಲಿಗೆ ಒಬ್ಬಳು ಕಡಿಮೆ ಬಿದ್ದಳೆಂದು ಅದಕ್ಕೂ ಹಾಕಿದರು. ಒಬ್ಬರಿಗೆ ಮೂರೇ ವೈಯಕ್ತಿಕ ಸ್ಪರ್ಧೆ ಎಂಬ ನಿಯಮ ಇದ್ದದ್ದರಿಂದ ಇನ್ನೂರು ಮೀಟರ್ ಓಟ, ಉದ್ದ ಜಿಗಿತ, ಎತ್ತರ ಜಿಗಿತಕ್ಕೆ ನಿಲ್ಲಿಸಿದರು. ನಿಯಮ ಇಲ್ಲದಿದ್ದರೆ ಗುಂಡು, ಚಕ್ರ, ಈಟಿ ಎಲ್ಲವನ್ನೂ ಅವಳ ಕೈಯಲ್ಲೇ ಎಸೆಸುತ್ತಿದ್ದರು.

ಅಲ್ಲಿಂದ ಶುರುವಾಯಿತು ದಿಗ್ವಿಜಯ. ಹೊನ್ನಾಳಿಯವರ ಖೋಖೋ ತಂಡ ನದಿಯ ನೀರು ಕುಡಿದು ಬೆಳೆದದ್ದು, ಮೀನಿನಂತೆ ನುಣುಚಿಕೊಳ್ಳುತ್ತದೆ ಎಂದು ಖ್ಯಾತಿ. ಮಮತಾ ಆ ಮೀನುಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿದಳು. ನ್ಯಾಮತಿಯಲ್ಲಿ ಓಟದ ಹುಡುಗಿಯೊಬ್ಬಳಿದ್ದಳು, ಬೂಟು ಹಾಕಿದವಳು. ಮಮತಾ ಬರಿಗಾಲಲ್ಲಿ ಅವಳನ್ನು ಹಿಂದೆ ಹಾಕಿ, ಗೆರೆ ದಾಟಿದ ಮೇಲೆ ತಿರುಗಿ ನಿಂತು, ಬಂದವಳ ಬೂಟಿನ ಲೇಸು ಬಿಚ್ಚಿದೆಯೆಂದು ತೋರಿಸಿದಳು. ಇದಕ್ಕಿಂತ ದೊಡ್ಡ ಅವಮಾನ ನ್ಯಾಮತಿಗೆ ತಾಲ್ಲೂಕಾದಂದಿನಿಂದ ಆಗಿರಲಿಲ್ಲ. ಜಗಳೂರಿನ ಕಡೆ ಕಬಡ್ಡಿ ಅಂದರೆ ಬಿಳಿಚೋಡಿನ ಹುಡುಗಿಯರು. ಅವರು ಕುರಿ ಹಿಡಿದು ಪಳಗಿದವರು, ಕಾಲು ಸಿಕ್ಕರೆ ಬಿಡುವವರಲ್ಲ. ಅವರು ಐದು ಜನ ಸೇರಿ ಮಮತಾಳ ಕಾಲು ಹಿಡಿದರು. ಅವಳು ಆ ಐವರನ್ನೂ ಎಳೆದುಕೊಂಡೇ ನಡುಗೆರೆ ಮುಟ್ಟಿದಳು. ಹೀಗೆ ನಾಲ್ಕೂ ದಿಕ್ಕಿನಿಂದ ಕಪ್ಪಗಳು ಬಂದು ಹೆಡ್‌ಮೇಷ್ಟ್ರ ಕೋಣೆಯ ಬೀರುವಿನ ಮೇಲೆ ಕೂತವು. ಆ ಬೀರುವಿನ ಮೇಲಿದ್ದ ಭೂಪಟಗಳು ನೆಲಕ್ಕಿಳಿದವು.

ನೆಲಕ್ಕಿಳಿದದ್ದು ಭೂಪಟವೊಂದೇ ಅಲ್ಲ. ಹೊನ್ನಾಳಿಯ ಪಿ.ಟಿ. ಮೇಷ್ಟ್ರೊಬ್ಬರು ಹುಡುಗಿಯ ವಯಸ್ಸು ಜಾಸ್ತಿ ಇರಬೇಕೆಂದರು. ಅವಳ ಹಾಲುಹಲ್ಲು ಒಂದು ಇನ್ನೂ ಬಿದ್ದಿಲ್ಲವೆಂದು ಬಾಯಿ ತೆರೆಸಿ ತೋರಿಸಿದ ಮೇಲೆ, ಹಲ್ಲು ಗಟ್ಟಿ ಇರುವುದೇ ಅನುಮಾನವೆಂದರು. ನಮ್ಮೂರಿನ ತಾಯಂದಿರು ಬೆಳಿಗ್ಗೆ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಮೈದಾನಕ್ಕೆ ಅಟ್ಟತೊಡಗಿದರು. ಮಕ್ಕಳು ಅಲ್ಲಿ ಹೋಗಿ ಕಲ್ಲು ಬೆಂಚಿನ ಮೇಲೆ ಮಲಗಿ ನಿದ್ದೆ ಮುಗಿಸಿ ಬರುತ್ತಿದ್ದರು. ಮಮತಾ ರಾತ್ರಿ ನೆನೆಸಿದ ಶೇಂಗಾ ತಿನ್ನುತ್ತಾಳೆಂದು ಯಾರೋ ಸುದ್ದಿ ಹಬ್ಬಿಸಿ, ಒಂದು ವಾರ ಪೇಟೆಯ ಅಂಗಡಿಗಳಲ್ಲಿ ಶೇಂಗಾ ಸಿಗಲಿಲ್ಲ.

ಆದರೆ ಇವೆಲ್ಲ ಬಡವರ ಹೊಟ್ಟೆಕಿಚ್ಚು. ಶ್ರೀಮಂತವಾದದ್ದು ಇದ್ದದ್ದು ಪಂಚಾಕ್ಷರಪ್ಪನವರ ಮನೆಯಲ್ಲಿ.

ಪಂಚಾಕ್ಷರಪ್ಪನವರದು ಅಡಿಕೆ ಮಂಡಿ. ಒಳ್ಳೆಯ ವ್ಯಾಪಾರಸ್ಥರು, ದೈವಭಕ್ತರು. ಅವರ ಮಗಳು ರೂಪಶ್ರೀ ಮಮತಾಳ ಓರಗೆಯವಳು, ಖಾಸಗಿ ಶಾಲೆಯವಳು, ನೀಳ ಕಾಲಿನವಳು. ಮಮತಾ ಉಬ್ರಾಣಿಯಿಂದ ಬಸ್ಸು ಹತ್ತುವವರೆಗೆ ತಾಲ್ಲೂಕಿಗೆ ಅವಳೇ ಮೊದಲು. ಪಂಚಾಕ್ಷರಪ್ಪನವರು ಮೈದಾನದಲ್ಲಿ ಎಲ್ಲರಿಗಿಂತ ಜೋರಾಗಿ ಮಮತಾಳಿಗೆ ಚಪ್ಪಾಳೆ ತಟ್ಟಿ, ಇಂಥ ಮಕ್ಕಳು ಊರಿಗೆ ಕೀರ್ತಿ ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿ, ಮನೆಗೆ ಹೋಗಿ ಊಟ ಬೇಡವೆನ್ನುತ್ತಿದ್ದರು. ಅವರ ಹೆಂಡತಿ ಅನ್ನಪೂರ್ಣಮ್ಮ ಊಟ ಮಾಡುತ್ತಿದ್ದರು, ಆದರೆ ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದರು. ರೂಪಶ್ರೀ ಸುಮ್ಮನೆ ಮಮತಾಳ ಓಟವನ್ನು ನೆನೆನೆನೆದು ಉಗುರು ಕಚ್ಚುತ್ತಿದ್ದಳು. ಅಪ್ಪ ಶಿವಮೊಗ್ಗದಿಂದ ಮುಳ್ಳಿನ ಬೂಟು ತರಿಸಿದರು. ಅದರಿಂದ ಮೈದಾನದಲ್ಲಿ ಚೆನ್ನಾಗಿ ತೂತು ಬಿದ್ದವು.

ಈ ಉರಿಗೆ ತಣ್ಣೀರು ಹಾಕುತ್ತಿದ್ದದ್ದು ಒಂದೇ ಒಂದು, ಎತ್ತರ ಜಿಗಿತ. ತಾಲ್ಲೂಕು ಕ್ರೀಡಾಕೂಟದಲ್ಲಿ ಎಂಟನೇ ತರಗತಿಯಲ್ಲೂ ರೂಪಶ್ರೀ ಗೆದ್ದಳು, ಒಂಬತ್ತರಲ್ಲೂ ಗೆದ್ದಳು, ಅದೂ ಮಮತಾಳನ್ನು ಸೋಲಿಸಿ. ಎರಡು ಕಪ್‌ಗಳಿಗೆಂದು ಮನೆಯಲ್ಲಿ ಗಾಜಿನ ಕಪಾಟು ಬಂತು, ಒಳಗೆ ಲೈಟು ಬಂತು. ಕಪಾಟಿನ ಮೇಲೆ ಯಾರ ಕಣ್ಣೂ ಬೀಳದಿರಲೆಂದು ಅನ್ನಪೂರ್ಣಮ್ಮ ಬಾಗಿಲಿಗೆ ಬೂದುಗುಂಬಳ ಕಟ್ಟಿಸಿದರು.

ಮಮತಾ ನಮ್ಮೂರಲ್ಲಿ ಉಳಿದುಕೊಂಡದ್ದು ಅಜ್ಜಿಯ ಮನೆಯಲ್ಲಿ. ಅಜ್ಜಿ ಅಂತರಘಟ್ಟಮ್ಮ ಇದೇ ಪಂಚಾಕ್ಷರಪ್ಪನವರ ಮಂಡಿಯಲ್ಲಿ ಅಡಿಕೆ ಆರಿಸುವ ಹೆಂಗಸರ ಜೊತೆ ಕೂರುವವಳು. ಮುದುಕಿಗೆ ಮೊಮ್ಮಗಳ ಕಾಲಿನ ಮೇಲೆ ನಂಬಿಕೆ, ಊರಿನ ಕಣ್ಣಿನ ಮೇಲೆ ಅಪನಂಬಿಕೆ. ಪ್ರತಿ ಪಂದ್ಯ ಮುಗಿದ ಸಂಜೆ ಮಮತಾಳನ್ನು ಹೊಸ್ತಿಲ ಮುಂದೆ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ದೃಷ್ಟಿ ಇಲ್ಲದಿದ್ದರೆ ಘಾಟು ಹತ್ತಿ ಎಲ್ಲರೂ ಕೆಮ್ಮಬೇಕು. ದೃಷ್ಟಿ ಜೋರಾಗಿದ್ದರೆ ಮೆಣಸಿನಕಾಯಿ ಕರಕಲಾದರೂ ಘಾಟೇ ಬರದು. ಅದು ನಮ್ಮ ಕಡೆ ಪ್ರತಿ ಮನೆಗೂ ಗೊತ್ತಿರುವ ಪರೀಕ್ಷೆ. ಮಮತಾಳ ದೃಷ್ಟಿ ತೆಗೆದ ದಿನಗಳಲ್ಲಿ ಆ ಓಣಿಯಲ್ಲಿ ಒಬ್ಬರೂ ಕೆಮ್ಮಿದ್ದಿಲ್ಲ. ನೆಗಡಿಯಾದವರೂ ತಡೆದುಕೊಂಡರು ಎನ್ನುತ್ತಾರೆ.

ಒಂಬತ್ತನೆಯದು ಮುಗಿದ ಬೇಸಿಗೆಯಲ್ಲಿ ಒಂದು ದಿನ ಅನ್ನಪೂರ್ಣಮ್ಮ ಮಂಡಿಗೆ ಬಂದರು. ಆರಿಸುವವರಿಗೆ ಮಜ್ಜಿಗೆ ಕೊಡುವ ನೆಪ. ಗುಂಪಿನಲ್ಲಿ ಅಂತರಘಟ್ಟಮ್ಮ ಕಂಡದ್ದೇ ನಾಲಿಗೆ ಸುಮ್ಮನಿರಲಿಲ್ಲ.

"ನಿನ್ನ ಮೊಮ್ಮಗಳು ಎಲ್ಲಾದ್ರಲ್ಲೂ ಮುಂದೆ ಅದಾಳೆ ಬಿಡು ಅಂತರಘಟ್ಟಮ್ಮ. ಆದ್ರೆ ಎತ್ತರ ಜಿಗಿತ ಅಂದ್ರೆ ನಮ್ಮ ರೂಪಾನೇ ನೋಡು."

ಮುದುಕಿ ಮಜ್ಜಿಗೆ ಕುಡಿದು, ಬಾಯಿ ಒರೆಸಿಕೊಂಡು, ಬಹಳ ಪ್ರೀತಿಯಿಂದಲೇ ಹೇಳಿದಳು. "ಹೌದ್ರಮ್ಮ. ಅದನ್ನ ನಾವೇ ಬಿಟ್ಟಿರಾದು."

"ಬಿಟ್ಟಿರಾದು ಅಂದ್ರೆ ಹೆಂಗೆ?"

"ಎಲ್ಲಾ ನಾವೇ ಬಾಚ್ಕೊಂಡ್ರೆ ಕಣ್ಣು ಬೀಳಲ್ವೇನ್ರಮ್ಮ? ಕೂಟಕ್ಕೆ ಒಂದು ಬಿಟ್ಟುಬಿಡು ಅಂತ ಹುಡುಗಿಗೆ ಹೇಳಿದೀನಿ. ಹಂಗಂತ ಕಂಡೋರಿಗೆಲ್ಲ ಬಿಡಾಕೆ ಆಗುತ್ತಾ? ಒಳ್ಳೆ ಮನೆತನ ಅಂತ ನೋಡಿ ನಿಮ್ಮ ಮಗೂಗೆ ಬಿಟ್ಟಿದ್ದು."

ಮಂಡಿಯಲ್ಲಿ ಅಡಿಕೆ ಉರುಳುವ ಸದ್ದು ನಿಂತಿತು. ಒಳಗೆ ಕೂತಿದ್ದ ಪಂಚಾಕ್ಷರಪ್ಪನವರ ಕಿವಿಗೂ ಮಾತು ಬಿತ್ತು. ಮುದುಕಿಯದು ಮೂಢನಂಬಿಕೆ ಎಂದು ನಕ್ಕುಬಿಡೋಣವೆಂದರೆ ಎದುರಿಗೇ ಅವರ ಹೊಸ ಲಾರಿ ನಿಂತಿತ್ತು, ಅದರ ಹಿಂದೆ ಅವರೇ ಕೈಯಾರೆ ಕಟ್ಟಿದ್ದ ಹಳೇ ಚಪ್ಪಲಿ ತೂಗುತ್ತಿತ್ತು. ಚೆಂದದ ವಸ್ತುವಿಗೆ ಒಂದು ಕುಂದು ತಗುಲಿಸಿದರೆ ಕೆಟ್ಟ ಕಣ್ಣು ಅದರ ಮೇಲೇ ಹೋಗುತ್ತದೆ, ವಸ್ತು ಉಳಿಯುತ್ತದೆ. ಶಾಸ್ತ್ರ ಅವರಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಒಂದೇ, ಗಾಜಿನ ಕಪಾಟಿನಲ್ಲಿ ಲೈಟು ಹಾಕಿ ತಾವು ಇಟ್ಟುಕೊಂಡದ್ದು ಮಮತಾಳ ದಿಗ್ವಿಜಯದ ಹಿಂದೆ ಕಟ್ಟಿದ ಚಪ್ಪಲಿ ಎಂಬುದು.

ಸುದ್ದಿ ಆರಿಸುವ ಹೆಂಗಸರ ಜೊತೆ ಸಂಜೆಗೆ ಓಣಿಗೆ ಬಂತು, ಸಂತೆಯ ದಿನ ತಾಲ್ಲೂಕು ಸುತ್ತಿತು. ಹೊನ್ನಾಳಿ, ನ್ಯಾಮತಿಯ ಕಡೆಯೂ ಮಮತಾ ಒಂದೊಂದು ಪದಕ ಹೀಗೆ ಬಿಟ್ಟು ಬಂದಿದ್ದಾಳೆ. ಆ ಮನೆಗಳಲ್ಲಿ ಅವು ಇನ್ನೂ ಗೋಡೆಯ ಮೇಲಿವೆ. ಯಾವುದು ಎಂದು ನಾವು ಹೇಳುವುದಿಲ್ಲ, ಅವರೂ ನೆಮ್ಮದಿಯಾಗಿ ಇರಲಿ.

ರೂಪಶ್ರೀ ಮಾತ್ರ ನೆಮ್ಮದಿಯಾಗಿ ಇರುವ ಜಾತಿಯವಳಲ್ಲ. ಎರಡು ಕಪ್‌ಗಳನ್ನೂ ಕಪಾಟಿನಿಂದ ತೆಗೆದು ಅಡುಗೆಮನೆಯ ಈರುಳ್ಳಿ ಬುಟ್ಟಿಯ ಹಿಂದೆ ಇಟ್ಟಳು. ಆಮೇಲೆ ನೇರವಾಗಿ ಸರ್ಕಾರಿ ಹೈಸ್ಕೂಲಿನ ಮೈದಾನಕ್ಕೆ ಹೋದಳು. ಮಮತಾ ಖೋಖೋ ಕಂಬಕ್ಕೆ ಒರಗಿ ಕಾಲಿನ ಮುಳ್ಳು ತೆಗೆದುಕೊಳ್ಳುತ್ತಿದ್ದಳು.

"ಬಿಟ್ಟಿದ್ದು ಖರೇನಾ?"

"ಹೌದು. ಅಜ್ಜಿ ಹೇಳಿತ್ತು."

"ಎರಡೂ ಸಲ?"

"ಎರಡೂ ಸಲ. ನಿಂಗೆ ಬೇಜಾರಾತಾ?" ಮಮತಾಳಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. ಕೊಟ್ಟ ವಸ್ತುವಿಗೆ ಯಾರಾದರೂ ಜಗಳ ತೆಗೆಯುತ್ತಾರೆಯೇ?

"ಮುಂದಿನ ಕೂಟ ನಮಗೆ ಕೊನೇದು. ಬೇರೆ ಯಾವ್ದಾದ್ರೂ ಬಿಡು. ಎತ್ತರ ಜಿಗಿತ ಬಿಟ್ಟೆ ಅಂದ್ರೆ ನಾನು ಹಾರಾದೇ ಇಲ್ಲ."

"ಬಿಡದಿದ್ರೆ ನಿಂಗೆ ಸಿಗಲ್ಲ ಕಣೆ."

"ಸಿಗದಿದ್ರೆ ಬ್ಯಾಡ. ನಿನ್ನ ಕೈಯಾಗ ಇಸ್ಕೊಂಡಿದ್ದು ಸಾಕು."

ಮಮತಾ ಮುಳ್ಳು ಕಿತ್ತು ಬಿಸಾಕಿ, ಆಯಿತು ಎಂದಳು. ಈ ಒಪ್ಪಂದದ ಸುದ್ದಿ ಅವರಿಬ್ಬರನ್ನು ಬಿಟ್ಟು ಯಾರಿಗೂ ತಿಳಿಯಲಿಲ್ಲ. ಅಜ್ಜಿಗೆ ಹೇಳುವ ಅಗತ್ಯವೂ ಇರಲಿಲ್ಲ, ಅವಳ ಕಟ್ಟಳೆ ಕೂಟಕ್ಕೆ ಒಂದು ಬಿಡಬೇಕು ಎಂಬುದಷ್ಟೇ.

ಅಂದಿನಿಂದ ಪಂಚಾಕ್ಷರಪ್ಪನವರ ಅಡಿಕೆ ಒಣಗಿಸುವ ಅಂಗಳ ಗರಡಿಮನೆಯಾಯಿತು. ಗೋಣಿಚೀಲಗಳಿಗೆ ಅಡಿಕೆ ಸಿಪ್ಪೆ ತುಂಬಿ ಒಂದರ ಮೇಲೊಂದು ಒಟ್ಟಿದರು, ಹಾರಿದವಳು ಬೀಳಲು ಅದೇ ಹಾಸಿಗೆ. ರೂಪಶ್ರೀ ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಕೋಲಿಗೆ ಬೆನ್ನು ಕೊಟ್ಟು ಹಾರುವ ವಿದ್ಯೆ ಹಿಡಿದಳು. ಓಡಿ ಬಂದು, ಕೊನೆಯ ಹೆಜ್ಜೆಯಲ್ಲಿ ತಿರುಗಿ, ಆಕಾಶ ನೋಡುತ್ತ ಹಿಂದಕ್ಕೆ ಎಗರುವುದು. ಮೊದಲ ತಿಂಗಳು ಆಕಾಶಕ್ಕಿಂತ ನಕ್ಷತ್ರ ಕಂಡದ್ದೇ ಹೆಚ್ಚು. ಪಂಚಾಕ್ಷರಪ್ಪನವರು ವ್ಯಾಪಾರ ಗುಮಾಸ್ತರಿಗೆ ಬಿಟ್ಟು ಬಿದಿರಿನ ಗಳ ಹಿಡಿದು ನಿಂತರು. ಚೀಲ ಒಡೆದು ಸಿಪ್ಪೆ ಹಾರಿ ಅವರ ಬಿಳಿ ಅಂಗಿ ಕಂದುಬಣ್ಣಕ್ಕೆ ತಿರುಗಿತು. ಹೆಣ್ಣುಮಗು ಸೊಂಟ ಮುರಿದುಕೊಂಡರೆ ಯಾರು ಗತಿ ಎಂದು ಅನ್ನಪೂರ್ಣಮ್ಮ ಒಳಗಿನಿಂದ ಕೂಗುತ್ತಿದ್ದರು. ಮಗಳು ಮಾತ್ರ ಪ್ರತಿ ಸಲ ಗಳದ ಆಚೆ ಮಮತಾಳ ಮುಖವನ್ನೇ ಕಾಣುತ್ತಿದ್ದಳು. ಹೊಟ್ಟೆಕಿಚ್ಚಿನಿಂದ ಮನೆ ಸುಡುತ್ತದೆ ಎನ್ನುವವರು ಅದರ ಮೇಲೆ ಅಡುಗೆಯೂ ಆಗುತ್ತದೆ ಎಂಬುದನ್ನು ಮರೆಯುತ್ತಾರೆ.

ಮಮತಾ ಈ ಸುದ್ದಿ ಕೇಳಿ ನಕ್ಕಳಂತೆ. ಪಾದ ಹಿಂದುಮುಂದಾಗಿ ಓಡಾಡುವುದು ದೆವ್ವಗಳು, ಕಪ್ ಕೊಡುವುದು ಮನುಷ್ಯರಿಗೆ ಎಂದಳಂತೆ. ಅವಳದು ಚರಂಡಿ ದಾಟುವ ಹಳೇ ವರಸೆ, ಒಂದು ಕಾಲಾದ ಮೇಲೆ ಒಂದು ಕಾಲು, ಕತ್ತರಿಯ ಹಾಗೆ. ಅದರಲ್ಲೇ ನಾಲ್ಕು ತಾಲ್ಲೂಕು ಗೆದ್ದವಳು ಬೇರೆ ಕಲಿಯುವುದು ಯಾಕೆ?

ಹತ್ತನೇ ತರಗತಿಯ ಕ್ರೀಡಾಕೂಟ ಬಂತು. ಅವತ್ತು ಚನ್ನಗಿರಿಯ ಮೈದಾನದಲ್ಲಿ ಸೇರಿದವರೆಲ್ಲ ಓಟ ನೋಡಲು ಬಂದವರಲ್ಲ. ಮಮತಾ ಈ ಸಲ ಯಾವುದನ್ನು ಬಿಡುತ್ತಾಳೆ ಎಂದು ನೋಡಲು ಬಂದವರು. ಉಬ್ರಾಣಿಯಿಂದ ಚಿಕ್ಕಹನುಮಂತಪ್ಪ ಬುತ್ತಿ ಕಟ್ಟಿಕೊಂಡು ಬಂದಿದ್ದ. ಅಂತರಘಟ್ಟಮ್ಮ ಎಲೆಅಡಿಕೆ ಸಂಚಿಯಲ್ಲಿ ಉಪ್ಪು, ಮೆಣಸಿನಕಾಯಿ ಜೊತೆಗೇ ತಂದಿದ್ದಳು. ಕೊನೆಯ ಕೂಟ, ಕಣ್ಣು ಜಾಸ್ತಿ, ಮನೆ ಮುಟ್ಟುವವರೆಗೆ ಕಾಯುವಂತಿಲ್ಲ ಎಂದು ಅವಳ ಲೆಕ್ಕ.

ಬೆಳಿಗ್ಗೆ ಇನ್ನೂರು ಮೀಟರಿನಲ್ಲಿ ಮಮತಾ ಗೆದ್ದು ನಿಂತು, ಹಿಂದಿನವರಿಗೆ ಕಾದಳು. ಆಮೇಲೆ ಉದ್ದ ಜಿಗಿತ. ಓಡಿ ಬಂದಳು, ಹಲಗೆಯನ್ನು ಧಾರಾಳವಾಗಿ ದಾಟಿ ಕಾಲಿಟ್ಟಳು, ಕೆಂಪು ಬಾವುಟ ಎದ್ದಿತು. ಪ್ರತಿ ಅವಕಾಶದಲ್ಲೂ ಹಾಗೇ ಆಯಿತು. ಸಂತೇಬೆನ್ನೂರಿನ ಹುಡುಗಿಯೊಬ್ಬಳು ಗೆದ್ದು, ತಾನು ಗೆದ್ದದ್ದು ಹೌದೇ ಎಂದು ತೀರ್ಪುಗಾರರನ್ನು ಕೇಳಿ ಕೇಳಿ ಅತ್ತಳು. ಜನ ಅದನ್ನು ಬರಿಯ ಎಡವಟ್ಟು ಎಂದುಕೊಂಡರು. ಅವರ ಕಣ್ಣೆಲ್ಲ ಎತ್ತರ ಜಿಗಿತದ ಮೇಲೆ. ಅಜ್ಜಿ ಮಾತ್ರ ಮಗ ಚಿಕ್ಕಹನುಮಂತಪ್ಪನ ಕಡೆ ತಿರುಗಿ, ಇವತ್ತಿನದು ಬಿಟ್ಟಾಯಿತು, ಇನ್ನು ಬುತ್ತಿ ಬಿಚ್ಚು ಎಂದಳು.

ಮಧ್ಯಾಹ್ನ ಎತ್ತರ ಜಿಗಿತ. ಬೀಳುವ ಜಾಗಕ್ಕೆ ಪಂಚಾಕ್ಷರಪ್ಪನವರ ಸಿಪ್ಪೆ ಚೀಲಗಳು ಟ್ರ್ಯಾಕ್ಟರಿನಲ್ಲಿ ಮೆರವಣಿಗೆ ಬಂದಿದ್ದವು. ಗಳ ಏರಿದಂತೆ ಒಬ್ಬೊಬ್ಬರೇ ಉದುರಿ, ಕೊನೆಗೆ ಉಳಿದವರು ಇಬ್ಬರೇ. ರೂಪಶ್ರೀ ಮೊದಲ ಸಲ ಬೆನ್ನು ಕೊಟ್ಟು ಹಾರಿದಾಗ ಮೈದಾನದಲ್ಲಿ ಹೆಂಗಸರು ಸೆರಗು ಬಾಯಿಗೆ ಹಿಡಿದರು. ಮಮತಾ ಕತ್ತರಿಯಾಡಿಸಿಕೊಂಡು ನಿರಾಳವಾಗಿ ದಾಟಿದಳು. ಗಳ ಇನ್ನೊಂದು ಗೇಣು ಏರಿತು, ಇಬ್ಬರೂ ದಾಟಿದರು. ಮತ್ತೆ ನಾಲ್ಕು ಬೆರಳು ಏರಿತು. ರೂಪಶ್ರೀ ಓಡಿ ಬಂದಳು, ತಿರುಗಿದಳು, ಬಿಲ್ಲಿನಂತೆ ಬಾಗಿ ಆಚೆ ಬಿದ್ದಳು. ಗಳ ಅಲುಗಾಡಿತು, ಬೀಳಲಿಲ್ಲ.

ಈಗ ಮಮತಾಳ ಸರದಿ. ಮೊದಲ ಸಲ ತೊಡೆ ತಾಗಿತು. ಎರಡನೇ ಸಲ ಹಿಮ್ಮಡಿ. ಕೊನೆಯ ಸಲ ಅವಳು ಎಂದೂ ಮಾಡದ ಒಂದು ಕೆಲಸ ಮಾಡಿದಳು, ಓಡುವ ಮೊದಲು ಕೈ ಮುಗಿದಳು. ಬಂದಳು, ಎಗರಿದಳು, ಒಂದು ಕಾಲು ದಾಟಿತು, ಇನ್ನೊಂದರ ಹೆಬ್ಬೆರಳು ಗಳಕ್ಕೆ ತಾಗಿತು. ಗಳ ನಿಧಾನವಾಗಿ, ಯೋಚನೆ ಮಾಡಿ ಬಿದ್ದಂತೆ ಬಿತ್ತು.

ಮೈದಾನ ನಕ್ಕಿತು. ಬಿಟ್ಟಳು, ಈ ಸಲವೂ ಸಾಹುಕಾರರ ಮನೆಗೇ ಬಿಟ್ಟಳು ಎಂದು ಒಂದು ಕಡೆಯಿಂದ ಶುರುವಾದದ್ದು ಇನ್ನೊಂದು ಕಡೆಯವರೆಗೆ ಹೋಯಿತು. ಎಷ್ಟು ಚೆಂದ ನಟಿಸಿದಳು, ಕೈ ಬೇರೆ ಮುಗಿದಳು ಎಂದು ಕೆಲವರು ಮೆಚ್ಚಿಕೊಂಡರು. ಪಂಚಾಕ್ಷರಪ್ಪನವರು ವಿಡಿಯೋ ತೆಗೆಯುತ್ತಿದ್ದ ಮೊಬೈಲನ್ನು ಕೆಳಗಿಳಿಸಿದರು. ಗಳ ಬಿದ್ದದ್ದೇ ಚೀಲಗಳ ಮೇಲೆ ಹತ್ತಿ ನಿಂತಿದ್ದ ರೂಪಶ್ರೀ ಕೆಳಗೆ ಇಳಿಯಲೇ ಇಲ್ಲ. ತಿಂಗಳುಗಟ್ಟಲೆ ಬೆನ್ನು ಮುರಿದುಕೊಂಡು ಹಾರಿದ್ದಕ್ಕೆ ಗೆಲುವು ಕೈಗೆ ಬಂದಿತ್ತು, ಅದು ತನ್ನದೋ ಇಸಿದುಕೊಂಡದ್ದೋ ಅವಳಿಗೇ ಗೊತ್ತಿರಲಿಲ್ಲ.

"ಬಿಟ್ಯಾ?" ಎಂದು ಕೇಳಿದಳು.

"ಇಲ್ಲ," ಎಂದಳು ಮಮತಾ.

ಬಿಟ್ಟವಳೂ ಹೇಳುವುದು ಅದನ್ನೇ. ರೂಪಶ್ರೀಯ ಕಣ್ಣು ತುಂಬಿತು.

ಆದರೆ ಆ ಹೊತ್ತಿಗೆ ಅಂತರಘಟ್ಟಮ್ಮ ಬುತ್ತಿ ಬಿಟ್ಟು ಎದ್ದಿದ್ದಳು. ಇವತ್ತಿನದು ಬೆಳಿಗ್ಗೆಯೇ ಬಿಟ್ಟಾಗಿದೆ, ಎರಡೆರಡು ಬಿಡುವ ಪದ್ಧತಿ ತಮ್ಮ ಮನೆಯಲ್ಲಿಲ್ಲ. ಮುದುಕಿ ಮೊಮ್ಮಗಳ ಮುಖ ನೋಡಿದಳು. ಮಮತಾ ರೂಪಶ್ರೀಯನ್ನು ನೋಡುತ್ತಿದ್ದಳು. ಇಷ್ಟು ವರ್ಷ ನಾಲ್ಕು ತಾಲ್ಲೂಕಿನ ಹೊಟ್ಟೆಕಿಚ್ಚನ್ನು ಮೈಮೇಲೆ ಹೊತ್ತು ಓಡಿದ ಹುಡುಗಿಗೆ ಅದು ಒಳಗೆ ಹತ್ತಿದರೆ ಹೇಗಿರುತ್ತದೆಂದು ಅಂದೇ ತಿಳಿದದ್ದು. ಮೂಗಿನ ಹೊಳ್ಳೆ ಅರಳಿತ್ತು, ಕೆಳತುಟಿ ಹಲ್ಲಿನ ಕೆಳಗಿತ್ತು. ಆ ನೋಟ ಬಿದ್ದರೆ ಹಾಲು ಒಡೆಯುತ್ತಿತ್ತು. ಕಣ್ಣುಗಳ ವಿಷಯದಲ್ಲಿ ಅಂತರಘಟ್ಟಮ್ಮನನ್ನು ಮೀರಿಸುವ ಪಂಡಿತರು ನಮ್ಮ ಜಿಲ್ಲೆಯಲ್ಲಿಲ್ಲ.

ಅವಳು ನೇರವಾಗಿ ಮೈದಾನದ ನಡುವೆ ನಡೆದು ಹೋಗಿ ರೂಪಶ್ರೀಯ ಕೈ ಹಿಡಿದು ಇಳಿಸಿದಳು. "ಪೂರ್ವಕ್ಕೆ ಮುಖ ಮಾಡಿ ಕೂತ್ಕಾ ನನ್ನವ್ವ."

ರಘುನಾಥ ಮೇಷ್ಟ್ರು ಊದಲು ಎತ್ತಿದ ಸೀಟಿಯನ್ನು ಮತ್ತೆ ಕೊರಳಿಗೇ ಬಿಟ್ಟರು. ಅನ್ನಪೂರ್ಣಮ್ಮ ಎದ್ದು ನಿಂತರು. ಮುದುಕಿ ಸಂಚಿಯಿಂದ ಉಪ್ಪು, ಮೆಣಸಿನಕಾಯಿ ತೆಗೆದು ಮುಷ್ಟಿಯಲ್ಲಿ ಹಿಡಿದು, ಹುಡುಗಿಯ ತಲೆಯಿಂದ ಕಾಲಿನವರೆಗೆ ನಿವಾಳಿಸಿದಳು. ನಗುತ್ತಿದ್ದ ಜನ ಸುತ್ತ ಬಂದು ಕಿವಿಗೊಟ್ಟರು.

"ಊರ ಕಣ್ಣು, ಓಣಿ ಕಣ್ಣು, ಹೋಗೋರ ಕಣ್ಣು, ಬರೋರ ಕಣ್ಣು," ಎಂದವಳು ಮುಷ್ಟಿಯನ್ನು ಇನ್ನೊಂದು ಸಲ ಸುತ್ತಿಸಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಸೇರಿಸಿದಳು. "ನಮ್ಮ ಮಮತಾನ ಕಣ್ಣು."

ನಗು ಅಲ್ಲಿಗೇ ನಿಂತಿತು. ಮೈದಾನದ ಅಂಚಿನಲ್ಲಿ ಹೊನ್ನೂರಮ್ಮನ ಮಿರ್ಚಿ ಬಜ್ಜಿಯ ಒಲೆ ಉರಿಯುತ್ತಿತ್ತು. ಮುದುಕಿ ಹೋಗಿ ಬಾಣಲೆ ಸರಿಸಿ ಮುಷ್ಟಿಯಲ್ಲಿದ್ದುದನ್ನು ಒಲೆಗೆ ಹಾಕಿದಳು. ಉಪ್ಪು ಚಟಪಟಿಸಿತು, ಮೆಣಸಿನಕಾಯಿ ಕಪ್ಪಾಯಿತು. ತೀರ್ಪುಗಾರರು, ಮೇಷ್ಟ್ರುಗಳು, ನಾವೆಲ್ಲ ಮೂಗು ಮುಂದೆ ಮಾಡಿ ಕಾದೆವು. ಘಾಟು ಬರಲಿಲ್ಲ. ಪಂಚಾಕ್ಷರಪ್ಪನವರು ಮುಖವನ್ನು ಒಲೆಯ ಹತ್ತಿರವೇ ಒಯ್ದು ಎದೆ ತುಂಬ ಉಸಿರೆಳೆದು, ಏನೂ ಇಲ್ಲ ಎಂಬಂತೆ ಎಲ್ಲರ ಕಡೆ ಕೈ ತಿರುಗಿಸಿ ತೋರಿಸಿದರು. ಅವರ ಮುಖದಲ್ಲಿ ಅಂಥ ಬೆಳಕನ್ನು ಅಡಿಕೆಗೆ ಒಳ್ಳೆಯ ದರ ಬಂದ ವರ್ಷವೂ ಯಾರೂ ಕಂಡಿರಲಿಲ್ಲ. ರೂಪಶ್ರೀ ಕೂತಲ್ಲೇ, ಮೇಷ್ಟ್ರು ತಂದುಕೊಟ್ಟ ಕಪ್ಪನ್ನು ಮಡಿಲಿಗೆ ಎಳೆದುಕೊಂಡಳು.

ಅಷ್ಟು ದೊಡ್ಡ ಗುಂಪಿನಲ್ಲಿ ಕೆಮ್ಮಿದ್ದು ಒಬ್ಬಳೇ, ಮಮತಾ. ಅದೂ ಎಲ್ಲರೂ ತಿರುಗಿ ನೋಡಿದ ಮೇಲೆ ಇನ್ನೊಂದು ಸಲ.